ಮಗನ ಉದುರಿದ ಹಲ್ಲು ವಾಪಸ್ ಕೂರಿಸಿದಾರೆ, ಅದು ಉಳಿಯತ್ತಾ? ಗೊತ್ತಿರೋರು ದಯವಿಟ್ಟು ಹೇಳಿ

ತುಮಕೂರು_ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 11 ವರ್ಷ, ಆರನೇ ಕ್ಲಾಸು. ಒಂಬತ್ತು ದಿನದ ಹಿಂದೆ ಶಾಲೇಲಿ ಖೋಖೋ ಆಡ್ತಾ ಕಂಬ ಹಿಡಿದು ತಿರುಗಕ್ಕೆ ಹೋಗಿ ಮುಖಾನೇ ಕಂಬಕ್ಕೆ ಹೊಡ್ಕೊಂಡು, ಮೇಲಿನ ಸಾಲಿನ ಮುಂದಿನ ಹಲ್ಲು ಒಂದು ಬೇರು ಸಮೇತ ಆಚೆ ಬಂದ್ಬಿಟ್ಟಿದೆ. ಹಾಲು ಹಲ್ಲಲ್ಲ, ಶಾಶ್ವತ ಹಲ್ಲು. 11.30ಕ್ಕೆ ಬಿದ್ದಿದಾನೆ, ನಂಗೆ ಫೋನ್ ಬಂದಿದ್ದು 12 ಆದ್ಮೇಲೆ, ನಾನು ಆಟೋ ಹಿಡಿದು ಹೋಗಿ ಅವನನ್ನ ಕರ್ಕೊಂಡು ಡೆಂಟಿಸ್ಟ್ ಹತ್ರ ಹೋಗೋಷ್ಟರಲ್ಲಿ 1.15. ಅಷ್ಟೊತ್ತೂ ಹಲ್ಲು ಅವನ ಫ್ರೆಂಡ್ ಒಬ್ಬನ ಕಂಪಾಸ್ ಬಾಕ್ಸಲ್ಲಿ ಟಿಶ್ಯೂ ಪೇಪರ್ ಸುತ್ತಿ ಇಟ್ಟಿದ್ರು. ಪಾಪ ಆ ಮಗು ಕಳೆದುಹೋಗದೇ ಇರ್ಲಿ ಅಂತ ಅಷ್ಟು ಜೋಪಾನವಾಗಿ ಇಟ್ಟಿದ್ದ, ನಾನು ತೆಗೆದು ನೋಡಿದ್ರೆ ಬೇರಿಗೆ ಟಿಶ್ಯೂ ಅಂಟ್ಕೊಂಡು ಒಣಗಿಹೋಗಿತ್ತು.

ಡಾಕ್ಟರು ಹಲ್ಲನ್ನ ತೊಳೆದು ವಾಪಸ್ ಕೂರಿಸಿ ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿ ಹಾಕಿ ಅಂಟಿಸಿದಾರೆ. ಟಿಟಿ ಕೊಟ್ರು, ಆಂಟಿಬಯೋಟಿಕ್ ಕೊಟ್ರು. ನಾಳಿದ್ದು ರೂಟ್ ಕೆನಾಲ್ ಶುರು ಮಾಡ್ತೀನಿ ಅಂದಿದಾರೆ. ಆದ್ರೆ ಅವರೇ "ತುಂಬ ಹೊತ್ತು ಒಣಗಿಬಿಟ್ಟಿತ್ತು, ಈ ಹಲ್ಲು ಜೀವನಪೂರ್ತಿ ಇರತ್ತೆ ಅಂತ ಭರವಸೆ ಕೊಡಲ್ಲ" ಅಂದ್ರು. ಅವತ್ತಿಂದ ನಿದ್ದೆ ಬರ್ತಿಲ್ಲ. ಕೂರಿಸಿದ್ದೇ ತಪ್ಪಾ? ನಮ್ಮ ಅಣ್ಣ ಹೇಳ್ತಾನೆ ಅದನ್ನ ತೆಗೆಸಿ ಇಂಪ್ಲಾಂಟ್ (ಮೂಳೆಗೆ ಕೂರಿಸೋ ಕೃತಕ ಹಲ್ಲು) ಹಾಕಿಸಿಬಿಡು ಅಂತ. ಹಾಲಲ್ಲಿ ಹಾಕಿದ್ರೆ ಉಳೀತಿತ್ತು ಅಂತ ಪಕ್ಕದ ಮನೆಯವರು ಅಂದ್ರು, ಅದು ನಿಜಾನಾ? ಇನ್ನು ಮನೇಲಿ 4 ವರ್ಷದ ಮಗಳೂ ಇದಾಳೆ, ದಿನಾ ಸೋಫಾದಿಂದ ಧುಮುಕ್ತಾಳೆ, ಅವಳಿಗೆ ಹಿಂಗಾದ್ರೆ ಏನ್ ಮಾಡ್ಬೇಕು ಅನ್ನೋದೂ ಗೊತ್ತಿಲ್ಲ.

ಹಾಸನ_ಹುಡುಗ:

ಅಕ್ಕ ಧೈರ್ಯವಾಗಿರಿ. ನಾನು ಎಲ್ಲೋ ಓದಿದ್ದೆ, ಎಳನೀರಲ್ಲಿ ಹಲ್ಲು ಹಾಕಿಟ್ರೆ ಹಾಲಿಗಿಂತ ಚೆನ್ನಾಗಿ ಉಳಿಯತ್ತೆ ಅಂತ ನಮ್ಮ ಪಕ್ಕದ ಚೆನ್ನೈನವರೇ ರಿಸರ್ಚ್ ಮಾಡಿದಾರೆ. ನಮ್ಮೂರಲ್ಲಿ ಎಳನೀರಿಗೇನು ಬರ, ಶಾಲೆ ಗೇಟ್ ಮುಂದೇನೇ ಸಿಗತ್ತೆ. ಇನ್ನು ಹಲ್ಲಿನ ಬಗ್ಗೆ, ನಂಗನ್ಸೋದು ಅಣ್ಣ ಹೇಳಿದ್ದೇ ಸರಿ, ಇಂಪ್ಲಾಂಟ್ ಆದ್ರೆ ಒಂದೇ ಸಲಕ್ಕೆ ಮುಗಿಯತ್ತೆ.

ಮಕ್ಕಳ_ಹಲ್ಲಿನ_ಡಾಕ್ಟರ್:

ಮೇಡಂ, ನಾನು ಮಕ್ಕಳ ದಂತವೈದ್ಯೆ, ಇಂಥ ಕೇಸು ರಜೆ ಟೈಮಲ್ಲಿ, ಸ್ಪೋರ್ಟ್ಸ್ ಡೇ ಟೈಮಲ್ಲಿ ತುಂಬಾನೇ ನೋಡ್ತೀನಿ. ಮೊದಲನೇದಾಗಿ ನಿಮ್ಮ ಡಾಕ್ಟರ್ ಮಾಡಿರೋದು ಸರಿಯಾಗಿದೆ. ಗಂಟೆಗಟ್ಟಲೆ ಒಣಗಿದ ಹಲ್ಲನ್ನೂ ವಾಪಸ್ ಕೂರಿಸಬೇಕು ಅಂತಲೇ ದಂತಗಾಯಗಳ ಅಂತರರಾಷ್ಟ್ರೀಯ ಸಂಘದ 2020ರ ಮಾರ್ಗಸೂಚಿ ಹೇಳತ್ತೆ, ಯಾಕಂದ್ರೆ ಆ ಹಲ್ಲು ಹತ್ತು ವರ್ಷ ಇರ್ಲಿ ಐದೇ ವರ್ಷ ಇರ್ಲಿ, ಅಲ್ಲೀತನಕ ಆ ಜಾಗದ ಮೂಳೆಯ ಅಗಲ, ಎತ್ತರ ಎರಡನ್ನೂ ಅದು ಹಿಡಿದಿಟ್ಕೊಳತ್ತೆ. ಹಲ್ಲಿಲ್ಲದ ಜಾಗದಲ್ಲಿ ಮೂಳೆ ಬೇಗ ಕರಗತ್ತೆ, ಆಮೇಲೆ ಏನು ಹಾಕ್ಬೇಕು ಅಂದ್ರೂ ಕಷ್ಟ. ಜೊತೆಗೆ ಆರನೇ ಕ್ಲಾಸಿನ ಹುಡುಗ ನಾಳೆ ಬೆಳಗ್ಗೆ ಎದ್ದು ಕನ್ನಡಿ ಮುಂದೆ ನಿಂತ್ರೆ ಬಾಯಲ್ಲಿ ಹಲ್ಲಿದೆ ಅನ್ನೋದೂ ಸಣ್ಣ ವಿಷಯ ಅಲ್ಲ.

ಈಗ ಒಣಗೋದಕ್ಕೂ ಉಳಿಯೋದಕ್ಕೂ ಏನು ಸಂಬಂಧ ಅಂತ ಹೇಳ್ತೀನಿ, ಅದು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಹಲ್ಲು ಮೂಳೆಗೆ ನೇರವಾಗಿ ಅಂಟ್ಕೊಂಡಿರಲ್ಲ, ಬೇರಿಗೂ ಮೂಳೆಗೂ ಮಧ್ಯ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪೊರೆ ಇರತ್ತೆ. ಹಲ್ಲು ಕಿತ್ತು ಬಂದಾಗ ಆ ಪೊರೆಯ ಅರ್ಧ ಬೇರಿನ ಮೇಲೇನೇ ಉಳಿದಿರತ್ತೆ, ಅದರ ಜೀವಕೋಶಗಳಿಗೆ ಜೀವ ಇದ್ರೆ ವಾಪಸ್ ಕೂರಿಸಿದಾಗ ಮತ್ತೆ ಕೂಡ್ಕೊಳತ್ತೆ. ಗಾಳಿಗೆ ಇಟ್ರೆ ನಿಮಿಷ ನಿಮಿಷಕ್ಕೂ ಸಾಯ್ತಾ ಹೋಗತ್ತೆ, ಒಂದು ಗಂಟೆ ದಾಟಿದ್ರೆ ಉಳಿದಿರೋ ಸಾಧ್ಯತೆ ಇಲ್ಲ ಅಂತಲೇ ಲೆಕ್ಕ. ಡೆನ್ಮಾರ್ಕಿನ ಯೆನ್ಸ್ ಆಂಡ್ರಿಯಾಸನ್ ಅಂತ ಒಬ್ಬರಿದ್ರು, ಕೋಪನ್‌ಹೇಗನ್ನಿನ ಆಸ್ಪತ್ರೇಲಿ ಇಡೀ ಆಯಸ್ಸು ಇದಕ್ಕೇ ಕಳೆದ್ರು, 2020ರಲ್ಲಿ ತೀರಿಕೊಂಡ್ರು. ಅವರು 1966ರಲ್ಲೇ ಇನ್ನೊಬ್ಬರ ಜೊತೆ ಸೇರಿ ವಾಪಸ್ ಕೂರಿಸಿದ 110 ಹಲ್ಲುಗಳನ್ನ ಹಿಂಬಾಲಿಸಿ ನೋಡಿದ್ರು. ಅರ್ಧ ಗಂಟೆ ಒಳಗೆ ಕೂರಿಸಿದವುಗಳಲ್ಲಿ 90% ಹಲ್ಲುಗಳ ಬೇರು ಕರಗಿರಲಿಲ್ಲ, 2 ಗಂಟೆ ಮೀರಿದವುಗಳಲ್ಲಿ 95% ಕರಗಿದ್ವು. ಚಿಕಿತ್ಸೆ ಒಂದೇ, ಮಧ್ಯ ಹೋದ ಹೊತ್ತು ಮಾತ್ರ ಬೇರೆ. ಇವತ್ತಿಗೂ ನಾವು ಪಾಠ ಮಾಡೋದು ಅದನ್ನೇ.

ನಿಮ್ಮ ಮಗನ ವಿಷಯದಲ್ಲಿ ಆ ಪೊರೆ ಸತ್ತಿದೆ ಅಂತ ಇಟ್ಕೊಂಡೇ ಯೋಚ್ನೆ ಮಾಡ್ಬೇಕು. ಆಗ ಎರಡು ಅಪಾಯ. ಒಂದು, ಹಲ್ಲಿನ ಒಳಗೆ ಸತ್ತ ನರದಲ್ಲಿ ಸೋಂಕಾಗಿ ಬೇರನ್ನ ತಿಂದುಹಾಕೋದು. ಇದು ತಿಂಗಳುಗಳಲ್ಲೇ ಬೇರು ಮುಗಿಸಿಬಿಡತ್ತೆ, ಆದ್ರೆ ಇದನ್ನ ತಡೆಯೋದು ನಮ್ಮ ಕೈಲಿದೆ, ಅದಕ್ಕೇ ಎರಡು ವಾರದ ಒಳಗೆ ರೂಟ್ ಕೆನಾಲ್ ಶುರು ಮಾಡೋದು. ದಯವಿಟ್ಟು ನಾಳಿದ್ದಿನ ಅಪಾಯಿಂಟ್ಮೆಂಟ್ ತಪ್ಪಿಸಬೇಡಿ, ಟೆಸ್ಟ್ ಇದೆ, ಮದುವೆ ಇದೆ ಅಂತ ಮುಂದಕ್ಕೆ ಹಾಕೋರನ್ನ ನೋಡಿ ನೋಡಿ ಹೊಟ್ಟೆ ಉರಿಯತ್ತೆ ನಂಗೆ. ಎರಡನೇದು ನಿಧಾನದ್ದು. ಮಧ್ಯದ ಪೊರೆ ಇಲ್ಲ ಅಂದ್ಮೇಲೆ ದೇಹ ಬೇರನ್ನೂ ಮೂಳೆ ಅಂತಲೇ ತಿಳ್ಕೊಂಡು ಸ್ವಲ್ಪ ಸ್ವಲ್ಪವಾಗಿ ಬೇರು ತೆಗೆದು ಅಲ್ಲಿ ಮೂಳೆ ತುಂಬ್ತಾ ಹೋಗತ್ತೆ. ಇದಕ್ಕೆ ನಾವು ಆಂಕಿಲೋಸಿಸ್ ಅಂತೀವಿ. ನಾವು ಬಾಯೊಳಗೆ ನೋಡೋ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲನ್ನ ಮೆಲ್ಲಗೆ ತಟ್ಟಿದ್ರೆ ಪಕ್ಕದ ಹಲ್ಲು ಮಂದವಾಗಿ ಟಕ್ ಅನ್ನತ್ತೆ, ಹೀಗೆ ಬೆಸೆದ ಹಲ್ಲು ಹಿತ್ತಾಳೆ ತಂಬಿಗೆ ತಟ್ಟಿದಂಗೆ ಟಿಣ್ ಅನ್ನತ್ತೆ. ಆ ಶಬ್ದ ಕೇಳಿದ್ರೆ ಎಕ್ಸ್‌ರೇಗೆ ಮುಂಚೇನೇ ನಮಗೆ ಗೊತ್ತಾಗಿಬಿಡತ್ತೆ. ಅದನ್ನ ನಿಲ್ಲಿಸೋ ಔಷಧಿ ಇನ್ನೂ ಇಲ್ಲ.

ಬೆಳೆಯೋ ಮಕ್ಕಳಲ್ಲಿ ಇದರ ತೊಂದರೆ ಏನಂದ್ರೆ ದವಡೆ ಬೆಳೆದು ಪಕ್ಕದ ಹಲ್ಲುಗಳು ಕೆಳಗೆ ಇಳೀತವೆ, ಮೂಳೆಗೆ ಬೆಸೆದ ಹಲ್ಲು ಅಲ್ಲೇ ನಿಲ್ಲತ್ತೆ, ಮೂರ್ನಾಲ್ಕು ವರ್ಷದಲ್ಲಿ ಅದು ಗಿಡ್ಡ ಇದ್ದಂಗೆ ಕಾಣತ್ತೆ. ಹಾಸನದವರು ಇಂಪ್ಲಾಂಟ್ ಅಂದ್ರಲ್ಲ, ಅದೂ ಮೂಳೆಗೆ ಬೆಸೆದೇ ಕೂರೋದು, 11 ವರ್ಷಕ್ಕೆ ಹಾಕಿದ್ರೆ ಅದಕ್ಕೂ ಇದೇ ಗತಿ. ಅದಕ್ಕೇ ಬೆಳವಣಿಗೆ ಪೂರ್ತಿ ನಿಲ್ಲೋವರೆಗೂ ಇಂಪ್ಲಾಂಟ್ ಮಾತೇ ಬೇಡ. ನಿಮ್ಮ ಅಣ್ಣನಿಗೂ ಹೇಳಿ.

ಹಾಗಂತ ದಾರಿ ಇಲ್ಲ ಅಂತಲ್ಲ. ಸ್ವೀಡನ್ನಿನವರು 1984ರಲ್ಲಿ ಒಂದು ಉಪಾಯ ಬರೆದ್ರು, ಹಲ್ಲು ತೀರಾ ಗಿಡ್ಡ ಆಗ್ತಾ ಬಂದ್ರೆ ಹೊರಗೆ ಕಾಣೋ ಬಿಳಿ ಭಾಗ ಮಾತ್ರ ಕತ್ತರಿಸಿ ತೆಗೆದು ಬೇರನ್ನ ಒಳಗೇ ಬಿಡೋದು, ಬೇರು ಕರಗಿ ಮೂಳೆ ಆಗತ್ತೆ, ಅದರ ಮೇಲೆ ಹೊಸ ಮೂಳೆಯೂ ಬೆಳೆಯತ್ತೆ. ಇನ್ನೊಂದು, ನಿಮ್ಮ ಮಗನ ವಯಸ್ಸಿಗೆ ಸರಿಹೊಂದೋದು: ಹಲ್ಲು ಒತ್ತೊತ್ತಾಗಿದ್ದು ಹೇಗಿದ್ರೂ ಕ್ಲಿಪ್ ಹಾಕೋಕೆ ಒಂದು ಮುಂದವಡೆ ಹಲ್ಲು (ಕೋರೆಹಲ್ಲಿನ ಹಿಂದಿನದು) ತೆಗೀಬೇಕು ಅಂತಿದ್ರೆ, ಬೇರು ಇನ್ನೂ ಬೆಳೀತಿರೋ ಆ ಹಲ್ಲನ್ನೇ ತಂದು ಮುಂದೆ ನೆಡೋದು. ನಾರ್ವೆಯ ಓಸ್ಲೋದಲ್ಲಿ ಹೀಗೆ ನೆಟ್ಟ ಹಲ್ಲುಗಳನ್ನ 17ರಿಂದ 41 ವರ್ಷದ ನಂತರ ಕರೆದು ನೋಡಿದಾಗ 90% ಬಾಯಲ್ಲೇ ಇದ್ವು. ಅದು ಅವರದೇ ಜೀವಂತ ಹಲ್ಲು, ದವಡೆ ಜೊತೆ ಬೆಳೆಯತ್ತೆ. ಎಲ್ಲರಿಗೂ ಆಗಲ್ಲ, ಕೈ ಪಳಗಿದವರು ಬೇಕು, ಆದ್ರೆ ಒಬ್ಬ ಕ್ಲಿಪ್ ಡಾಕ್ಟರಿಗೆ ಈಗಲೇ ತೋರಿಸಿಡಿ.

ಎಳನೀರಿನ ವಿಷಯ ನಿಜ, 2008ರಲ್ಲಿ ಚೆನ್ನೈನಲ್ಲಿ ಆ ಪ್ರಯೋಗ ಆಯ್ತು, ಹಾಲಿಗಿಂತ ಒಳ್ಳೇದು ಅಂತ ಬಂತು. ಆದ್ರೆ ಎಳನೀರು ಸ್ವಲ್ಪ ಆಮ್ಲೀಯ, ಆಮೇಲೆ ಬೇರೆ ಕಡೆ ಮಾಡಿದಾಗ ಹಾಲೇ ಮೇಲು ಅಂತ ಬಂದಿದ್ದೂ ಇದೆ. ಹಾಗಾಗಿ ಹಾಲು ಸಿಕ್ಕೋ ಕಡೆ ಹಾಲೇ ಹಾಕಿ.

ತುಮಕೂರು_ಅಮ್ಮ:

ಡಾಕ್ಟ್ರೇ ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ತುಂಬ ಥ್ಯಾಂಕ್ಸ್. ಓದ್ತಾ ಅತ್ತುಬಿಟ್ಟೆ, ಆದ್ರೆ ಏನಾಗ್ತಿದೆ ಅಂತ ಗೊತ್ತಾಗಿ ಒಂಥರಾ ಸಮಾಧಾನವೂ ಆಯ್ತು. ಹಾಲು ಅಂದ್ರಲ್ಲ, ಯಾವ ಹಾಲು? ನೀರು ಯಾಕಾಗಲ್ಲ? ಆಮೇಲೆ ಆ ತಂತಿ ಅಲ್ಲಾಡಿದಂಗೆ ಅನ್ಸತ್ತೆ, ಗಟ್ಟಿಯಾಗಿ ಕಟ್ಟಿಲ್ವೇನೋ ಅಂತ ಭಯ.

ಮಕ್ಕಳ_ಹಲ್ಲಿನ_ಡಾಕ್ಟರ್:

ತಂತಿ ಸ್ವಲ್ಪ ಬಳುಕೋದು ಬೇಕಂತಲೇ ಮಾಡಿರೋದು. ಹಿಂದೆಲ್ಲ ಬಿಗಿಯಾಗಿ ತಿಂಗಳುಗಟ್ಟಲೆ ಕಟ್ಟಿಡ್ತಿದ್ರು, ಹಾಗೆ ಕಟ್ಟಿದ್ರೆ ಹಲ್ಲು ಮೂಳೆಗೆ ಬೆಸೆಯೋದು ಇನ್ನೂ ಜಾಸ್ತಿ ಅಂತ ಆಮೇಲೆ ಗೊತ್ತಾಯ್ತು. ಈಗ 0.4 ಮಿ.ಮೀ. ಮೀರದ ತಂತಿ, ಎರಡು ವಾರ ಸಾಕು. ಮೀನು ಹಿಡಿಯೋ ನೈಲಾನ್ ದಾರವನ್ನೂ ಹಲ್ಲಿನ ಬಣ್ಣದ ಸಿಮೆಂಟಲ್ಲಿ ಅಂಟಿಸಿ ಬಳಸಬಹುದು, ಅದೂ ಮಾರ್ಗಸೂಚಿಯಲ್ಲೇ ಇದೆ.

ಹಾಲು ಯಾವುದಾದ್ರೂ ಆಗತ್ತೆ, ನಂದಿನಿ ಪ್ಯಾಕೆಟ್ ಒಡೆದು ಹಾಕಿದ್ರೂ ಸಾಕು, ತಣ್ಣಗಿದ್ರೆ ಒಳ್ಳೇದು, ಬಿಸಿ ಹಾಲು ಬೇಡ, ಮೊಸರು ಮಜ್ಜಿಗೆ ಬೇಡ. ಹಾಲಲ್ಲಿ ಕರಗಿರೋ ಉಪ್ಪು, ಸಕ್ಕರೆ ಅಂಶ ಎಲ್ಲ ಸೇರಿದ್ರೆ ಹೆಚ್ಚುಕಮ್ಮಿ ನಮ್ಮ ಜೀವಕೋಶದಷ್ಟೇ ಗಾಢ ಇರತ್ತೆ. ಬರೀ ನೀರಲ್ಲಿ ಹಾಕಿದ್ರೆ ಒಣದ್ರಾಕ್ಷಿ ನೆನೆಹಾಕಿದಂಗೆ ಜೀವಕೋಶ ನೀರು ಕುಡಿದು ಊದಿ ಒಡೆದುಹೋಗತ್ತೆ. ಹಾಗಿದ್ರೂ ಟಿಶ್ಯೂಲಿ ಒಣಗಿಸೋದಕ್ಕಿಂತ ನೀರೇ ವಾಸಿ.

ಆದ್ರೆ ಹಾಲು ಎರಡನೇ ದಾರಿ. ಮೊದಲನೇ ದಾರಿ ಅಲ್ಲೇ, ಆಗಲೇ ವಾಪಸ್ ಕೂರಿಸೋದು. ಹಲ್ಲಿನ ಬಿಳಿ ಭಾಗ ಹಿಡ್ಕೊಂಡು, ಬೇರು ಮುಟ್ಟದೆ ಉಜ್ಜದೆ, ಮಣ್ಣಾಗಿದ್ರೆ ಹಾಲಲ್ಲೋ ಮಗುವಿನ ಎಂಜಲಲ್ಲೋ ಮೆಲ್ಲಗೆ ತೊಳೆದು, ಪಕ್ಕದ ಹಲ್ಲು ನೋಡಿ ಅದೇ ದಿಕ್ಕಲ್ಲಿ ಗುಳಿಗೆ ಒತ್ತಿ, ಕರ್ಚೀಫು ಕಚ್ಚಿಸಿ, ಹೊರಡಿ. ಹುಷಾರು, ಮಗು ಪ್ರಜ್ಞೆ ತಪ್ಪಿದ್ರೆ ಅಥವಾ ವಾಂತಿ ಮಾಡ್ತಿದ್ರೆ ತಲೆ ಪೆಟ್ಟು ನೋಡೋ ಆಸ್ಪತ್ರೆಗೇ ಮೊದಲು ಓಡಿ.

ಮಗಳ ವಿಷಯ: ಹಾಲು ಹಲ್ಲು ಬಿದ್ರೆ ವಾಪಸ್ ಕೂರಿಸಲೇಬೇಡಿ, ಒಳಗೆ ಬೆಳೀತಿರೋ ಶಾಶ್ವತ ಹಲ್ಲಿನ ಮೊಗ್ಗಿಗೆ ಪೆಟ್ಟಾಗತ್ತೆ. ಹಲ್ಲು ಒಳಗೆ ಹೂತುಹೋದಂಗೆ ಕಂಡ್ರೆ ಕೀಳಿಸಕ್ಕೆ ಆತುರ ಬೇಡ, ಹೆಚ್ಚಿನವು ತಿಂಗಳುಗಳಲ್ಲಿ ತಾವೇ ಇಳೀತವೆ, ಡಾಕ್ಟರಿಗೆ ತೋರಿಸಿ ಕಾಯಿರಿ.

ಗದಗ_ಪಿಟಿ_ಮಾಸ್ತರ:

ನಮಸ್ಕಾರ್ರೀ. ನಾ ಗದಗ ಕಡೆ ಹೈಸ್ಕೂಲ್‌ದಾಗ ಪಿಟಿ ಮಾಸ್ತರ ಅದೀನಿ, ಇದನ್ನ ಓದಿ ಸುಮ್ನ ಕುಂದ್ರಾಕ ಆಗ್ಲಿಲ್ಲ. ಅಕ್ಕಾರ, ನಿಮ್ಮ ಸಾಲಿಯವರ ಮ್ಯಾಲೆ ಸಿಟ್ಟು ಬರೋದು ಖರೇ, ಆದ್ರ ನಮಗ ಬಿಪಿಎಡ್‌ದಾಗ ಕಾಲು ಉಳುಕಿದ್ರ, ಕೈ ಮುರದ್ರ ಏನ್ ಮಾಡ್ಬೇಕು ಅಂತ ಹೇಳಿಕೊಟ್ಟಾರ, ಹಲ್ಲಿನ ಬಗ್ಗೆ ಒಂದ್ ಮಾತ ಇರ್ಲಿಲ್ರಿ. 2009ರಾಗ ಬೆಂಗಳೂರಿನ ಪಿಟಿ ಮಾಸ್ತರಗಳ್ನ ಕೇಳಿ ಒಂದು ಸರ್ವೆ ಮಾಡಿದ್ರು, ಅದರಾಗೂ ತಿಳುವಳಿಕಿ ಕಡಿಮಿ ಅಂತನ ಬಂದೈತಿ. ಹುಡುಗನ ಬಾಯಾಗ ರಕ್ತ ಕಂಡ ಕೂಡ್ಲೆ ಎಲ್ಲಾರೂ ರಕ್ತದ ಕಡೆ ಓಡ್ತೀವಿ, ಹಲ್ಲ ಎಲ್ಲಿ ಬಿತ್ತು ಅಂತ ಯಾರೂ ಹುಡುಕಂಗಿಲ್ಲ. ನಮ್ಮಲ್ಲಿ ಒಬ್ಬ ಹುಡುಗಗ ಹಂಗ ಆಗಿತ್ರಿ, ಕಬಡ್ಡಿ ಆಡೂ ಮುಂದ. ಹಲ್ಲ ಸಂಜಿಮುಂದ ಮಣ್ಣಾಗ ಸಿಕ್ತು. ಆ ಹುಡುಗ ಈಗ ಕಾಲೇಜಿಗೆ ಹೊಂಟಾನ, ನಗೂವಾಗ ಕೈ ಅಡ್ಡ ಹಿಡಿತಾನ. ಅದನ್ನ ನೋಡಿದಾಗೆಲ್ಲ ಕರುಳ ಚುರ್ ಅಂತೈತಿ.

ಅವತ್ತಿಂದ ನಾ ಒಂದು ಡಬ್ಬಿ ಮಾಡಿಟ್ಟೀನಿ. ಮುಚ್ಚಳ ಇರೋ ಸಣ್ಣ ಸ್ಟೀಲ್ ಡಬ್ಬಿ, ಅದರಾಗ ಎರಡು ಓಆರ್‌ಎಸ್ ಪಾಕೀಟು, ಒಂದು ಸ್ವಚ್ಛ ಕರವಸ್ತ್ರ, ಡಾಕ್ಟರ್ ನಂಬರ್ ಬರದ ಚೀಟಿ. ಓಆರ್‌ಎಸ್ ಯಾಕಂದ್ರ ಹಾಲು ಸಾಲಿಯಾಗ ಎಲ್ಲಾ ಹೊತ್ತಿನ್ಯಾಗ ಸಿಗಂಗಿಲ್ಲ, ಓಆರ್‌ಎಸ್ ಅಂತೂ ಫಸ್ಟ್ ಏಡ್ ಪೆಟಿಗ್ಯಾಗ ಇದ್ದ ಇರ್ತೈತಿ. ಇದು ಸರಿ ಐತೇನ್ರೀ ಡಾಕ್ಟರ?

ಇನ್ನೊಂದು, ಖೋಖೋ ಕಂಬ ನೆಲದಿಂದ 4 ಅಡಿ, ಹುಡುಗ್ರು ಬಗ್ಗಿ ಓಡೂವಾಗ ಮಾರಿ ಕರೆಕ್ಟ್ ಅದ್ರ ತುದಿಗೆ ಬರ್ತೈತಿ. ನಾವು ಪ್ರ್ಯಾಕ್ಟೀಸ್ ಟೈಮಿಗೆ ಕಂಬದ ಮ್ಯಾಲಿನ ಒಂದೂವರಿ ಅಡಿಗೆ ಹಳೀ ಹಾಸಿಗಿ ಸ್ಪಂಜ್ ಸುತ್ತಿ ಸೈಕಲ್ ಟ್ಯೂಬ್‌ಲೇ ಬಿಗದೀವಿ. ಹಿಡಿಯಾಕ ಸ್ವಲ್ಪ ದಪ್ಪ ಆಗ್ತೈತಿ ಅಂತ ಹುಡುಗ್ರು ಮೊದಲ ಗೊಣಗಿದ್ರು, ಈಗ ರೂಢಿ ಆಗೈತಿ.

ಮಕ್ಕಳ_ಹಲ್ಲಿನ_ಡಾಕ್ಟರ್:

ಮಾಸ್ತರೇ, ನಿಮ್ಮ ಡಬ್ಬಿ ಸರಿ ಇದೆ! ಪ್ರಥಮ ಚಿಕಿತ್ಸೆಗೆ ಜಗತ್ತಿನ ಮಟ್ಟದಲ್ಲಿ ಶಿಫಾರಸು ಮಾಡೋ ಇಲ್ಕಾರ್ ಅನ್ನೋ ಕೂಟ 2020ರಲ್ಲಿ ಓಆರ್‌ಎಸ್ ದ್ರಾವಣವನ್ನ ಒಳ್ಳೇ ಆಯ್ಕೆಗಳ ಪಟ್ಟೀಲೇ ಇಟ್ಟಿದೆ. ಅಡುಗೆಮನೇಲಿ ಪಾತ್ರೆ ಮುಚ್ಚೋ ತೆಳು ಪ್ಲಾಸ್ಟಿಕ್ ಹಾಳೆ, ಕ್ಲಿಂಗ್ ಫಿಲ್ಮ್ ಅಂತಾರಲ್ಲ, ಅದರಲ್ಲಿ ಬಿಗಿಯಾಗಿ ಸುತ್ತಿದ್ರೂ ಹಲ್ಲು ಒಣಗಲ್ಲ ಅಂತ ಅದೂ ಇದೆ. ಅವು ಸಿಗದಿದ್ರೆ ಹಾಲು, ಅಥವಾ ಒಂದು ಲೋಟಕ್ಕೆ ಮಗು ಕೈಲೇ ಉಗುಳಿಸಿ ಆ ಎಂಜಲಲ್ಲಿ ಹಾಕೋದು. ಓಆರ್‌ಎಸ್ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ, ಅಂದಾಜಲ್ಲಿ ಬೇಡ. ಒಂದು ಕೈಯವರು ರಕ್ತ ನೋಡ್ಲಿ, ಇನ್ನೊಂದು ಕೈಯವರು ಹಲ್ಲು ಹುಡುಕ್ಲಿ ಅಂತ ಮಕ್ಕಳಿಗೂ ಹೇಳ್ಕೊಡಿ. ಹಲ್ಲು ಬರೀ ಮುರಿದಿದ್ರೂ ಚೂರು ಹುಡುಕಿ ನೀರಲ್ಲಿ ಹಾಕಿ ತನ್ನಿ, ಎಷ್ಟೋ ಸಲ ಅದನ್ನೇ ವಾಪಸ್ ಅಂಟಿಸ್ತೀವಿ. ಸಿಗದೇ ತುಟಿ ಊದಿದ್ರೆ ಚೂರು ತುಟಿ ಒಳಗೇ ಇರಬಹುದು, ಎಕ್ಸ್‌ರೇ ಬೇಕು.

ಸಾಗರದ_ಮಾಣಿ:

ನಂದೂ ಒಂದು ಕಥೆ ಹೇಳ್ತೆ. 1998, ನಂಗೆ 12 ವರ್ಷ, ಅಡಿಕೆ ತೋಟದ ಇಳಿಜಾರಲ್ಲಿ ಸೈಕಲ್ ಬಿಟ್ಕೊಂಡು ಬಂದು ಕಾಲುಸಂಕದ ಕಟ್ಟೆಗೆ ಗುದ್ದಿ ಮುಂದಿನ ಹಲ್ಲು ಉದುರಿಹೋತು. ಅಜ್ಜಿ ಅದನ್ನ ಸಗಣಿ ಉಂಡೇಲಿ ಇಟ್ಟು ಹೆಂಚಿನ ಮೇಲೆ ಎಸೆದುಬಿಡೋಕೆ ರೆಡಿ ಆಗಿತ್ತು, ನಾವೆಲ್ಲ ಹಾಲು ಹಲ್ಲಿಗೆ ಹಂಗೇ ಮಾಡ್ತಿದ್ವಲಾ. ಆದ್ರೆ ಪಕ್ಕದ ಮನೇಲಿ ಒಬ್ರು ನರ್ಸಮ್ಮ ಇದ್ರು. ಅವರು ಅಂಗಳಕ್ಕೆ ಓಡಿಬಂದು ಅಜ್ಜಿ ಕೈಯಿಂದ ಹಲ್ಲು ಇಸ್ಕೊಂಡು, ಆಗಷ್ಟೇ ಕರೆದಿಟ್ಟ ಹಾಲಿನ ಚೊಂಬಿಂದ ಒಂದು ಲೋಟ ಬಗ್ಗಿಸಿ ಅದರಲ್ಲಿ ಅದ್ದಿ, ನನ್ನ ಗದ್ದ ಹಿಡಿದು ಒಂದೇ ಸಲಕ್ಕೆ ಒತ್ತಿಬಿಟ್ರು. ಒತ್ತಿದಾಗ ಒಳಗೆ ಏನೋ ಜಾರಿ ಕೂತ ಹಂಗೆ ಆಗಿದ್ದು ಇನ್ನೂ ನೆನಪಿದೆ. ಬಾಯಿಗೆ ಸೀರೆ ಸೆರಗಿನ ತುದಿ ಕಚ್ಚಿಸಿ ಜೀಪಲ್ಲಿ ಶಿವಮೊಗ್ಗಕ್ಕೆ ಕಳಿಸಿದ್ರು. ಬಿದ್ದಿದ್ದಕ್ಕೂ ಕೂರಿಸಿದ್ದಕ್ಕೂ ಹತ್ತು ನಿಮಿಷ ಆಗಿರ್ಲಿಲ್ಲ. ರೂಟ್ ಕೆನಾಲ್ ಆಯ್ತು, ಬಣ್ಣ ಸ್ವಲ್ಪ ಮಾಸಿದೆ, ಆದ್ರೆ ಆ ಹಲ್ಲಲ್ಲೇ ಇವತ್ತೂ ಚಕ್ಕುಲಿ ಕಚ್ತೆ. ಮೇಲೆ ಡಾಕ್ಟರು 1966ರ ಲೆಕ್ಕ ಬರೆದಿದ್ದು ಓದಿದ ಮೇಲೆ ಆ ನರ್ಸಮ್ಮ ನಂಗೆ ಏನು ಕೊಟ್ರು ಅಂತ ಈಗ ಗೊತ್ತಾತು. ಅವರು ಈಗಿಲ್ಲ.

ಆಕ್ಲೆಂಡ್_ಕನ್ನಡಿಗ:

ನಾವು ನ್ಯೂಜಿಲೆಂಡಲ್ಲಿ ಇದೀವಿ, ಮಗ ರಗ್ಬಿ ಆಡ್ತಾನೆ. ಇಲ್ಲಿ ಬಾಯಲ್ಲಿ ಮೌತ್‌ಗಾರ್ಡ್ (ಹಲ್ಲಿಗೆ ಪೆಟ್ಟಾಗದಂಗೆ ಹಾಕ್ಕೊಳ್ಳೋ ಕವಚ) ಇಲ್ಲ ಅಂದ್ರೆ ಗ್ರೌಂಡಿಗೇ ಬಿಡಲ್ಲ, 1998ರಿಂದ ಎಲ್ಲಾ ಹಂತದ ರಗ್ಬಿಗೂ ಕಡ್ಡಾಯ. ಇಲ್ಲಿ ಅಪಘಾತದ ಚಿಕಿತ್ಸೆ ಖರ್ಚನ್ನ ಸರ್ಕಾರದ ಒಂದು ಸಂಸ್ಥೆ ಕೊಡೋದ್ರಿಂದ ಲೆಕ್ಕ ಪಕ್ಕಾ ಸಿಗತ್ತೆ: 1995ಕ್ಕೂ 2003ಕ್ಕೂ ಮಧ್ಯ ರಗ್ಬಿಯಿಂದ ಬರ್ತಿದ್ದ ಹಲ್ಲಿನ ಕ್ಲೇಮು 43% ಇಳೀತು. ನಮ್ಮ ಖೋಖೋ, ಕಬಡ್ಡಿ, ಕೊಡಗಿನ ಹಾಕಿ ಇವಕ್ಕೂ ಯಾಕೆ ಇದು ಬರಬಾರದು ಅಂತ ಊರಿಗೆ ಬಂದಾಗೆಲ್ಲ ಅನ್ಸತ್ತೆ. ಡಾಕ್ಟ್ರೇ, ಊರಲ್ಲಿ ಮಾಡಿಸಿದ್ರೆ ಎಂಥದ್ದು ಮಾಡಿಸ್ಬೇಕು?

ಮಕ್ಕಳ_ಹಲ್ಲಿನ_ಡಾಕ್ಟರ್:

ಹಲ್ಲಿನ ಅಚ್ಚು ತೆಗೆದು ಮಾಡಿದ್ದು ಉತ್ತಮ, ಅದು ಬಾಯಲ್ಲಿ ನಿಲ್ಲತ್ತೆ, ಹಾಕ್ಕೊಂಡು ಮಾತಾಡಬಹುದು ಉಸಿರಾಡಬಹುದು, ಇಲ್ಲಾಂದ್ರೆ ಮಕ್ಕಳು ಎರಡನೇ ದಿನ ಜೇಬಿಗೆ ಹಾಕ್ತಾರೆ. ಅದಕ್ಕೆ ದುಡ್ಡು ಆಗಲ್ಲ ಅಂದ್ರೆ ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿಸಿ ಅಚ್ಚು ಮಾಡ್ಕೊಳ್ಳೋದು ಸಿಗತ್ತೆ, ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ಮೇಲು. ಹಲವು ಅಧ್ಯಯನ ಸೇರಿಸಿ 2007ರಲ್ಲಿ ಲೆಕ್ಕ ಹಾಕಿದಾಗ ಮೌತ್‌ಗಾರ್ಡ್ ಇಲ್ಲದೆ ಆಡೋರಿಗೆ ಬಾಯಿ ಹಲ್ಲಿನ ಗಾಯದ ಅಪಾಯ 1.6ರಿಂದ 1.9 ಪಟ್ಟು ಅಂತ ಬಂದಿತ್ತು. ಬೆಳೆಯೋ ಮಕ್ಕಳಿಗೆ ಹೊಸ ಹಲ್ಲು ಬಂದಂಗೆಲ್ಲ ಬದಲಾಯಿಸ್ತಿರಬೇಕು.

ತುಮಕೂರು ಮೇಡಂ, ಮಗನಿಗೆ ಮೇಲಿನ ಹಲ್ಲು ಮುಂದಕ್ಕೆ ಉಬ್ಬಿದ್ವಾ? ಕೆಳಗಿನ ಹಲ್ಲಿಗಿಂತ 3 ಮಿ.ಮೀ.ಗಿಂತ ಮುಂದಿದ್ರೆ ಪೆಟ್ಟಾಗೋ ಸಾಧ್ಯತೆ ಸುಮಾರು ಎರಡು ಪಟ್ಟು. ಅಂಥ ಮಕ್ಕಳಿಗೆ ಚಿಕ್ಕ ವಯಸ್ಸಲ್ಲೇ ಕ್ಲಿಪ್ ಶುರು ಮಾಡಿದ್ರೆ ಮುಂದಿನ ಹಲ್ಲಿಗೆ ಪೆಟ್ಟು ಬೀಳೋದು ಕಮ್ಮಿ ಆಗತ್ತೆ ಅಂತ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ ವಿಮರ್ಶೆಯೂ ಹೇಳತ್ತೆ. ಪಕ್ಕದ ಹಲ್ಲು ಇನ್ನೂ ಗಟ್ಟಿ ಇದೆ, ಅದನ್ನ ಕಾಪಾಡೋಣ.

ತುಮಕೂರು_ಅಮ್ಮ:

ಹೂಂ ಡಾಕ್ಟ್ರೇ, ಸ್ವಲ್ಪ ಉಬ್ಬೇ ಇದೆ, ನಮ್ಮವರ ಕಡೆಯಿಂದ ಬಂದಿದ್ದು. ಹಲ್ಲಿನ ಅಂದಕ್ಕೆ ಮಾತ್ರ ಕ್ಲಿಪ್ಪು ಅಂದ್ಕೊಂಡು ಹೈಸ್ಕೂಲಿಗೆ ಬಂದ್ಮೇಲೆ ನೋಡೋಣ ಅಂತಿದ್ವಿ.

(ಆರು ದಿನದ ನಂತರ)

ಅಪ್‌ಡೇಟ್ ಕೇಳಿದೋರಿಗೆ: ರೂಟ್ ಕೆನಾಲ್ ಶುರುವಾಯ್ತು, ಒಳಗೆ ಔಷಧಿ ಪೇಸ್ಟ್ ತುಂಬಿದಾರೆ. ಇವತ್ತು ತಂತಿ ತೆಗೆದ್ರು. ಹಲ್ಲು ನಿಂತಿದೆ. ಇನ್ನೆರಡು ವಾರಕ್ಕೆ, ಆಮೇಲೆ 3 ತಿಂಗಳು, 6 ತಿಂಗಳು, ವರ್ಷಕ್ಕೆ, ಆಮೇಲೆ 5 ವರ್ಷದವರೆಗೂ ವರ್ಷಕ್ಕೊಂದು ಸಲ ಬರಬೇಕಂತೆ, ಕ್ಯಾಲೆಂಡರಲ್ಲಿ ಎಲ್ಲಾ ಗುರುತು ಹಾಕಿದೀನಿ. ಡಾಕ್ಟರು ಕನ್ನಡಿ ಹಿಡಿಯಿಂದ ತಟ್ಟಿದಾಗ ನಾನು ಉಸಿರು ಬಿಗಿಹಿಡಿದು ಕೇಳಿಸ್ಕೊಂಡೆ. ಟಿಣ್ ಅನ್ನಲಿಲ್ಲ, ಟಕ್ ಅಂತಲೇ ಅಂತು. ಇಷ್ಟು ಬೇಗ ಗೊತ್ತಾಗಲ್ಲ, ಇನ್ನೂ ಕಾಯ್ಬೇಕು ಅಂದ್ರು.

ಗದಗ ಮಾಸ್ತರ್ರೇ, ನೀವು ಬರೆದಿದ್ದನ್ನ ಪ್ರಿಂಟ್ ತೆಗೆದು ಶಾಲೆಗೆ ತಗೊಂಡು ಹೋಗಿದ್ದೆ. ಮೊದಲು ಕಂಪ್ಲೇಂಟ್ ಕೊಡಕ್ಕೆ ಬಂದಿದೀನಿ ಅಂತ ಗಾಬರಿ ಆದ್ರು. ಆಮೇಲೆ ಪಿಟಿ ಸರ್ ಪೂರ್ತಿ ಓದಿ ಡಬ್ಬಿ ಎಷ್ಟು ದೊಡ್ಡದಿರಬೇಕು ಅಂತ ಕೇಳಿದ್ರು. ನಮ್ಮ ಮನೆಯ ಸಣ್ಣ ಉಪ್ಪಿನಕಾಯಿ ಡಬ್ಬಿ ಒಂದನ್ನ ತೊಳೆದು ಒಣಗಿಸಿ ನಾಳೆ ಮಗನ ಕೈಲಿ ಕಳಿಸ್ತಿದೀನಿ, ಎರಡು ಓಆರ್‌ಎಸ್ ಹಾಕಿ.